ಬಳಸಿದ ಆಡಿಯೋ ಇಂಟರ್‌ಫೇಸ್‌ಗಳ ಮಾರಾಟ

ಆಡಿಯೋ ಇಂಟರ್‌ಫೇಸ್ ಎಂಬುದು ಮೈಕ್ ಅಥವಾ ವಾದ್ಯದಿಂದ ಬರುವ ಅನಲಾಗ್ ಸಂಕೇತವನ್ನು ಡಿಜಿಟಲ್ ರೂಪಕ್ಕೆ ಪರಿವರ್ತಿಸಿ ಗಣಕಯಂತ್ರಕ್ಕೆ ಕಳುಹಿಸುವ ಹಾಗೂ ಗಣಕಯಂತ್ರದಿಂದ ಬಂದ ಧ್ವನಿಯನ್ನು ಹೆಡ್‌ಫೋನ್ ಮತ್ತು ಸ್ಪೀಕರುಗಳಿಗೆ ಮರಳಿಸುವ ಸಾಧನವಾಗಿದೆ. ಮನೆಯಲ್ಲಿ ಧ್ವನಿಮುದ್ರಣ ಮಾಡುವವರ ನಡುವೆ ಈ ಸಾಧನವು ಒಬ್ಬರ ಬಳಕೆಯ ನಂತರ ಮತ್ತೊಬ್ಬರಿಗೆ ಮಾರಾಟವಾಗುವುದುಂಟು. ಹಳೆಯ ಮದ್ದಳೆಯು ಮುಚ್ಚಿಗೆ ಸರಿಯಿದ್ದರೆ ಯಾರ ಕೈಯಲ್ಲಾದರೂ ನುಡಿಯುತ್ತದೆ. ಇಂಟರ್‌ಫೇಸ್ ಹಾಗಲ್ಲ, ಅದರ ಉಪಯುಕ್ತತೆಯು ಖರೀದಿಸುವವರ ಗಣಕಯಂತ್ರವನ್ನೂ ತಯಾರಕರು ಒದಗಿಸುವ ತಂತ್ರಾಂಶವನ್ನೂ ಅವಲಂಬಿಸಿದೆ. ಆದ್ದರಿಂದ ಮಾರುವವರ ಮನೆಯಲ್ಲಿ ಸುಸ್ಥಿತಿಯಲ್ಲಿದ್ದ ಯಂತ್ರವು ಕೊಂಡವರ ಮನೆಯಲ್ಲಿ ನಿಷ್ಪ್ರಯೋಜಕವಾಗುವ ಸಾಧ್ಯತೆಯಿದೆ.

ಹಿನ್ನೆಲೆ

ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರವು 1976ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಕನ್ನಡ, ತುಳು ಮತ್ತು ಕೊಂಕಣಿ ಕಾರ್ಯಕ್ರಮಗಳು, ಯಕ್ಷಗಾನ ತಾಳಮದ್ದಳೆಗಳು ಅಲ್ಲಿ ಧ್ವನಿಮುದ್ರಣಗೊಂಡವು. ಕ್ಯಾಸೆಟ್ ಯುಗದಲ್ಲಿ ಯಕ್ಷಗಾನ ಪ್ರಸಂಗಗಳೂ ಕೊಂಕಣಿ ಹಾಡುಗಳೂ ಮನೆಮನೆಗೆ ತಲುಪಿದವು. ಆಗ ಧ್ವನಿಮುದ್ರಣಕ್ಕೆ ಸ್ಟುಡಿಯೋ ಅನಿವಾರ್ಯವಾಗಿತ್ತು. ಡಿಜಿಡಿಸೈನ್ ಸಂಸ್ಥೆಯ ಎಂಬಾಕ್ಸ್ (2002), ಬಳಿಕ ಫೋಕಸ್‌ರೈಟ್ ಸಂಸ್ಥೆಯ ಸ್ಕಾರ್ಲೆಟ್ 2ಐ2 (2011) ಮುಂತಾದ ಸಣ್ಣ ಯಂತ್ರಗಳು ಈ ಅನಿವಾರ್ಯತೆಯನ್ನು ಬಹುಮಟ್ಟಿಗೆ ನೀಗಿಸಿದವು.

ಎರಡು ಮೈಕ್ ಜೋಡಿಸಬಹುದಾದ ಯಂತ್ರವು ಭಕ್ತಿಗೀತೆಗೋ ಗಿಟಾರ್ ಸಹಿತ ಹಾಡಿಗೋ ಸಾಕಾಗುತ್ತದೆ. ಯಕ್ಷಗಾನದ ಹಿಮ್ಮೇಳವನ್ನು ಏಕಕಾಲದಲ್ಲಿ ಮುದ್ರಿಸಲು ಅದು ಸಾಲದು. ಭಾಗವತರ ಕಂಠ, ಮದ್ದಳೆಯ ಎರಡು ಮುಖಗಳು ಮತ್ತು ಚೆಂಡೆ ಇವಿಷ್ಟಕ್ಕೇ ನಾಲ್ಕು ಮೈಕ್ ಬೇಕು. ಚೆಂಡೆಯ ಹೊಡೆತವು ಅತಿ ತೀವ್ರವಾದುದರಿಂದ ಸಂಕೇತವನ್ನು ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಅನುಕೂಲ. ಇಲ್ಲದಿದ್ದಲ್ಲಿ ಧ್ವನಿ ಒಡೆಯುತ್ತದೆ. ಅಗತ್ಯ ಹೆಚ್ಚಿದವರು ದೊಡ್ಡ ಯಂತ್ರಕ್ಕೆ ಹೋಗುವಾಗ ಸಣ್ಣ ಯಂತ್ರವು ಮಾರಾಟಕ್ಕೆ ಬರುತ್ತದೆ. ಇಂತಹ ಯಂತ್ರಗಳನ್ನು ಕೆಟ್ಟವೆಂದು ಶಂಕಿಸಲು ಕಾರಣವಿಲ್ಲ.

ಡ್ರೈವರ್ ತಂತ್ರಾಂಶ

ಮರುಮಾರಾಟದಲ್ಲಿ ಅತ್ಯಂತ ನಿರ್ಣಾಯಕವಾದ ಅಂಶ ಇದು. ಗಣಕಯಂತ್ರವು ಇಂಟರ್‌ಫೇಸಿನೊಡನೆ ವ್ಯವಹರಿಸಲು ಬಳಸುವ ತಂತ್ರಾಂಶವನ್ನು ಡ್ರೈವರ್ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಧ್ವನಿಯ ವಿಳಂಬವನ್ನು ಕಡಿಮೆ ಮಾಡಲು ಸ್ಟೈನ್‌ಬರ್ಗ್ ಸಂಸ್ಥೆಯು 1997ರಲ್ಲಿ ರೂಪಿಸಿದ ಆಸಿಯೊ ಪದ್ಧತಿ ಬಳಕೆಯಲ್ಲಿದ್ದು, ಅದಕ್ಕೆ ತಯಾರಕರೇ ಡ್ರೈವರ್ ಬರೆಯಬೇಕಾಗುತ್ತದೆ. ತಯಾರಕರು ಹಳೆಯ ಮಾದರಿಯನ್ನು ಕೈಬಿಟ್ಟರೆ ಹೊಸ ಕಾರ್ಯಾಚರಣ ವ್ಯವಸ್ಥೆಯಲ್ಲಿ ಆ ಯಂತ್ರವು ಕೆಲಸ ಮಾಡದೇ ಹೋಗಬಹುದು. ಯಂತ್ರದೊಳಗೆ ಒಂದು ಬಿಡಿಭಾಗವೂ ಸುಟ್ಟಿರುವುದಿಲ್ಲ, ಆದರೂ ಅದು ಮೂಕವಾಗಿರುತ್ತದೆ.

ಫೈರ್‌ವೈರ್ ಮಾದರಿಗಳು ಇದಕ್ಕೆ ಸ್ಪಷ್ಟ ನಿದರ್ಶನ. ಒಂದು ಕಾಲಕ್ಕೆ ಅವು ಯುಎಸ್‌ಬಿ ಮಾದರಿಗಳಿಗಿಂತ ಶ್ರೇಷ್ಠವೆನಿಸಿದ್ದವು. 2012ರ ನಂತರ ಬಿಡುಗಡೆಯಾದ ಮ್ಯಾಕ್ ಗಣಕಯಂತ್ರಗಳಲ್ಲಿ ಫೈರ್‌ವೈರ್ ಕಿಂಡಿಯೇ ಇಲ್ಲ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಆ ಬೆಂಬಲವನ್ನೇ ಕೈಬಿಟ್ಟಿತು. ಹತ್ತು ಮೈಕ್ ಕಿಂಡಿಗಳ ಫೈರ್‌ವೈರ್ ಯಂತ್ರವೊಂದು ಆಕರ್ಷಕ ಬೆಲೆಗೆ ದೊರೆಯುವುದಾದರೆ ಅದರ ಹಿಂದಿನ ಕಾರಣ ಇದೇ ಇರಬಹುದು. ಹಳೆಯ ಗಣಕಯಂತ್ರವನ್ನು ಜೊತೆಗಿಟ್ಟುಕೊಳ್ಳಬಲ್ಲವರಿಗೆ ಮಾತ್ರ ಅದು ಲಾಭದ ಖರೀದಿ.

ಇದಕ್ಕೆ ವಿರುದ್ಧವಾಗಿ, ಪ್ರತ್ಯೇಕ ಡ್ರೈವರ್ ಬೇಡದೆ ಯುಎಸ್‌ಬಿಯ ಸಾಮಾನ್ಯ ಧ್ವನಿ ನಿಯಮದಂತೆ ನಡೆಯುವ ಯಂತ್ರಗಳು ಮ್ಯಾಕ್, ಲಿನಕ್ಸ್ ಮತ್ತು ಹಲವು ಮೊಬೈಲುಗಳಲ್ಲಿ ಜೋಡಿಸಿದೊಡನೆ ಕೆಲಸ ಮಾಡುತ್ತವೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದ, ವಿಂಡೋಸ್ 11ಕ್ಕೆ ಡ್ರೈವರ್ ಇದೆಯೇ ಎಂಬುದನ್ನು ತಯಾರಕರ ಜಾಲತಾಣದಲ್ಲಿ ನೋಡಿಯೇ ಬೆಲೆ ಮಾತಾಡುವುದು ಯುಕ್ತ.

ಕರಾವಳಿಯ ಹವಾಮಾನ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ತೇವಾಂಶ ಮತ್ತು ಉಪ್ಪುಗಾಳಿಯಿಂದ ಜಾಕ್‌ಗಳ ಲೋಹ ಮಂಕಾಗುತ್ತದೆ, ಧ್ವನಿ ಏರಿಳಿಸುವ ತಿರುಗುಣಿಗಳು ಕರಕರ ಸದ್ದು ಮಾಡತೊಡಗುತ್ತವೆ. ಕರಕರ ಸದ್ದು ಬಹುಪಾಲು ಸಂಪರ್ಕ ಶುದ್ಧಿಕಾರಕ ದ್ರವದಿಂದ ಹೋಗುತ್ತದೆ. ಸಡಿಲಗೊಂಡ ಯುಎಸ್‌ಬಿ ಕಿಂಡಿಯ ದುರಸ್ತಿಗೆ ಬೆಸುಗೆ ಬೇಕಾಗುವುದರಿಂದ ಅದನ್ನು ಮಾರುವ ಮೊದಲೇ ತಿಳಿಸಬೇಕು. ಮಳೆಗಾಲದಲ್ಲಿ ಯಂತ್ರವನ್ನು ಸಿಲಿಕಾ ಜೆಲ್ ಸಹಿತ ಮುಚ್ಚಿದ ಡಬ್ಬಿಯಲ್ಲಿ ಇರಿಸಿದ್ದರೆ ಬಾಳಿಕೆ ಹೆಚ್ಚು.

ಪರೀಕ್ಷೆ

ಮಾರುವವರು ಪ್ರತಿಯೊಂದು ಕಿಂಡಿಗೂ ಮೈಕ್ ಜೋಡಿಸಿ ಮುದ್ರಿಸಿದ ಮಾದರಿಯನ್ನು ಕೊಂಡುಕೊಳ್ಳುವವರಿಗೆ ಕೇಳಿಸುವುದು ಉತ್ತಮ ರೂಢಿ. ಕಂಡೆನ್ಸರ್ ಮೈಕ್‌ಗಳಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತನ್ನು ಸಾಮಾನ್ಯ ಮಲ್ಟಿಮೀಟರಿನಿಂದಲೇ ಅಳೆಯಬಹುದು: ಎಕ್ಸ್‌ಎಲ್‌ಆರ್ ಕಿಂಡಿಯ ಒಂದನೆಯ ಸಂಪರ್ಕಕ್ಕೂ ಎರಡನೆಯದಕ್ಕೂ, ಹಾಗೆಯೇ ಒಂದನೆಯದಕ್ಕೂ ಮೂರನೆಯದಕ್ಕೂ ನಡುವೆ 44ರಿಂದ 52 ವೋಲ್ಟ್ ಇರಬೇಕು. ಎರಡು ಅಳತೆಗಳಲ್ಲಿ ಒಂದು ಮಾತ್ರ ತೀರ ಕಡಿಮೆಯಿದ್ದರೆ ಒಳಗೆ ದೋಷವಿದೆ. ದೀಪ ಉರಿಯುತ್ತಿದೆ ಎಂಬುದು ಇದಕ್ಕೆ ಸಾಕ್ಷಿಯಲ್ಲ.

ನೋಂದಣಿ ಮತ್ತು ಒಡೆತನ

ಹಲವು ತಯಾರಕರು ಯಂತ್ರದ ಕ್ರಮಸಂಖ್ಯೆಯನ್ನು ಮೊದಲ ಮಾಲೀಕರ ಖಾತೆಗೆ ಜೋಡಿಸುತ್ತಾರೆ. ಆ ನೋಂದಣಿಯನ್ನು ಬಿಡಿಸಿಕೊಡದೆ ಮಾರಿದರೆ ಹೊಸ ಮಾಲೀಕರಿಗೆ ತಯಾರಕರ ನೆರವು ಪಡೆಯುವುದು ಕಷ್ಟ. ಯಂತ್ರದೊಡನೆ ಬರುವ ಉಚಿತ ತಂತ್ರಾಂಶಗಳ ಸಂಕೇತಗಳನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ಬಳಸಬಹುದು. ಮೊದಲ ಮಾಲೀಕರು ಅವುಗಳನ್ನು ಬಳಸಿಯಾಗಿದ್ದರೆ ಜಾಹೀರಾತಿನಲ್ಲಿ ಸೇರಿಸುವುದು ತಪ್ಪು ವಿವರಣೆಯಾಗುತ್ತದೆ.

1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ವಿವರಣೆಯ ಆಧಾರದ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಿಕೆಯಾಗಿರಬೇಕು. ತನಗಿಲ್ಲದ ಒಡೆತನವನ್ನು ಮಾರುವವನು ಸಾಮಾನ್ಯವಾಗಿ ಇನ್ನೊಬ್ಬನಿಗೆ ಕೊಡಲಾರನು ಎಂಬ ತತ್ತ್ವವೂ ಅದರಲ್ಲಿದೆ. ಕಳವಿನ ಯಂತ್ರವನ್ನು ಹಣ ಕೊಟ್ಟು ಕೊಂಡರೂ ಅದು ತನ್ನದಾಗುವುದಿಲ್ಲ. ಮೂಲ ರಸೀದಿಗೂ ಕ್ರಮಸಂಖ್ಯೆಗೂ ಬೆಲೆ ಬರುವುದು ಇದರಿಂದ. ವ್ಯಾಪಾರವಾಗಿ ಅಲ್ಲದೆ ತನ್ನ ಸ್ವಂತ ಯಂತ್ರವೊಂದನ್ನು ಮಾರುವ ವ್ಯಕ್ತಿಗೆ ಜಿಎಸ್‌ಟಿ ಅನ್ವಯಿಸುವುದಿಲ್ಲ.

ಅಂತರಜಾಲದ ಮೂಲಕ ಮಾರುವವರು ಹಣ ಪಾವತಿಯ ವಂಚನೆಗೆ ಗುರಿಯಾಗುವುದುಂಟು. ಖರೀದಿದಾರನ ಸೋಗಿನಲ್ಲಿ ಬಂದವನು ಕ್ಯೂಆರ್ ಚಿತ್ರ ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಜಮೆಯಾಗುತ್ತದೆ ಎನ್ನುತ್ತಾನೆ. ಯುಪಿಐ ಮೂಲಕ ಹಣ ಸ್ವೀಕರಿಸಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಇಂತಹ ವಂಚನೆಯನ್ನು ವರದಿ ಮಾಡುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ, ಕಾಕತಾಳೀಯವಾಗಿ, 1930.

ವಿಲೇವಾರಿ

ಡ್ರೈವರ್ ಇಲ್ಲದೆ ಮಾರಲಾಗದ ಯಂತ್ರಗಳಲ್ಲಿ ಕೆಲವನ್ನು ಲಿನಕ್ಸ್‌ನಲ್ಲಿ ಮತ್ತೆ ಬಳಸಬಹುದು. ದುರಸ್ತಿಗೂ ಒದಗದವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅನ್ವಯ ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.