ಗೆಡ್ಡೆಯೇ ನುಡಿಯುವ ಭವಿಷ್ಯ

ಹಸು ಕರು ಹಾಕಿದ ತರುವಾಯ ಅದರ ಅಂಡಾಶಯಗಳನ್ನು ತೆಗೆದುಬಿಟ್ಟರೆ ಹಾಲು ಬೇಗ ಬತ್ತುವುದಿಲ್ಲವೆಂಬ ಸಂಗತಿ ಕೆಲವು ದೇಶಗಳ ರೈತರಿಗೆ ಹಿಂದಿನಿಂದಲೂ ತಿಳಿದಿತ್ತು. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ನರ ಮನಸ್ಸಿನಲ್ಲಿ ಈ ಮಾತು ನಾಟಿತು. ಒಂದು ಅಂಗವು ದೂರದ ಇನ್ನೊಂದು ಅಂಗದ ಮೇಲೆ ಅಧಿಕಾರ ನಡೆಸಬಲ್ಲುದಾದರೆ, ಸ್ತನದ ಕ್ಯಾನ್ಸರಿಗೂ ಅಂಡಾಶಯಕ್ಕೂ ಏಕೆ ನಂಟಿರಬಾರದು? 1895ರಲ್ಲಿ, ಉಳಿಯುವ ಆಸೆಯೇ ಇಲ್ಲದಿದ್ದ ರೋಗಿಯೊಬ್ಬಳ ಅಂಡಾಶಯಗಳನ್ನು ಅವರು ತೆಗೆದರು. ಕೆಲವು ತಿಂಗಳುಗಳಲ್ಲಿ ಗೆಡ್ಡೆ ಕರಗಿತು. ಆಕೆ ಮತ್ತೆ ಕೆಲವು ವರ್ಷ ಬದುಕಿದಳು.

ಆದರೆ ಈ ಭಾಗ್ಯ ಎಲ್ಲರದೂ ಆಗಲಿಲ್ಲ. ಮೂವರಲ್ಲಿ ಸುಮಾರು ಒಬ್ಬಳಿಗೆ ಮಾತ್ರ ಗುಣ ಕಂಡಿತು. 1950ರ ದಶಕದಲ್ಲಿ ಚಿಕಾಗೋದ ಚಾರ್ಲ್ಸ್ ಹಗಿನ್ಸ್ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನೂ ತೆಗೆದು ನೋಡಿದರು. ಆಗಲೂ ಬಹುಪಾಲು ಹೆಂಗಸರು ಗ್ರಂಥಿಗಳನ್ನು ಕಳೆದುಕೊಂಡರೇ ಹೊರತು ರೋಗವನ್ನಲ್ಲ. ಯಾರಿಗೆ ಫಲಿಸೀತು, ಯಾರಿಗೆ ಫಲಿಸದು ಎಂಬುದನ್ನು ಕತ್ತಿ ಹಿಡಿಯುವ ಮೊದಲೇ ತಿಳಿಯುವುದು ಹೇಗೆ?

ಉತ್ತರ ದೊರೆತದ್ದು ಅದೇ ಚಿಕಾಗೋದಲ್ಲಿ. ಎಲ್‌ವುಡ್ ಜೆನ್ಸನ್ ಎಂಬ ರಸಾಯನಶಾಸ್ತ್ರಜ್ಞರು 1950ರ ದಶಕದ ಕೊನೆಯಲ್ಲಿ, ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನಿಗೆ ವಿಕಿರಣ ಸೂಸುವ ಜಲಜನಕವನ್ನು ಸೇರಿಸಿ, ಅದರ ಜಾಡು ಹಿಡಿದು ಹೊರಟರು. ಎಳೆಯ ಹೆಣ್ಣಿಲಿಗಳ ಗರ್ಭಕೋಶವು ಆ ಹಾರ್ಮೋನನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿತು, ಸ್ನಾಯುಗಳು ಹಿಡಿಯಲಿಲ್ಲ. ಹಿಡಿಯುತ್ತಿದ್ದುದು ಜೀವಕೋಶದೊಳಗಿನ ಒಂದು ಪ್ರೋಟೀನು. ಬೀಗಕ್ಕೆ ಕೀಲಿಕೈ ಹೇಗೋ ಹಾಗೆ ಹಾರ್ಮೋನು ಅದರೊಳಗೆ ಕೂರುತ್ತಿತ್ತು. ಇದಕ್ಕೆ ಗ್ರಾಹಕವೆಂದು ಹೆಸರಾಯಿತು. ಬಳಿಕ ಜೆನ್ಸನ್ನರು ರೋಗಿಗಳ ಗೆಡ್ಡೆಗಳಲ್ಲಿಯೂ ಇದನ್ನು ಅಳೆದರು. ಗ್ರಾಹಕವಿಲ್ಲದ ಗೆಡ್ಡೆಯಿದ್ದವರಿಗೆ ಗ್ರಂಥಿ ತೆಗೆದು ಪ್ರಯೋಜನವಾಗುವುದು ಬಹು ಅಪರೂಪವೆಂದು 1971ರಲ್ಲಿ ಪ್ರಕಟಿಸಿದರು. ವ್ಯರ್ಥವಾದ ಶಸ್ತ್ರಕ್ರಿಯೆಯಿಂದ ಎಷ್ಟೋ ಹೆಂಗಸರು ಪಾರಾಗಲು ಇದರಿಂದ ದಾರಿಯಾಯಿತು.

1977ರಲ್ಲಿ ಟೆಕ್ಸಾಸಿನ ವಿಲಿಯಂ ಮೆಗ್ವೈರ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ತಿಳಿಸಿದರು: ಗ್ರಾಹಕವಿಲ್ಲದ ಗೆಡ್ಡೆಗಳು ಶಸ್ತ್ರಕ್ರಿಯೆಯ ಮೇಲೂ ಬೇಗ ಮರುಕಳಿಸುತ್ತವೆ. ಹೀಗೆ ಒಂದೇ ಪ್ರೋಟೀನು ಚಿಕಿತ್ಸೆಯ ಫಲವನ್ನೂ ರೋಗದ ಗತಿಯನ್ನೂ ಮುಂದಾಗಿ ಸೂಚಿಸತೊಡಗಿತು. ಮೊದಮೊದಲು ಪರೀಕ್ಷೆಗೆ ಹಸಿಯ ಗೆಡ್ಡೆಯನ್ನು ಹೆಪ್ಪುಗಟ್ಟಿಸಿ ಅರೆಯಬೇಕಾಗಿತ್ತು. ಇಂದು ತೆಳುವಾದ ಒಂದು ಸೀಳಿಗೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು.

ಹರ್-2 ಎಂಬ ಮತ್ತೊಂದು ಪ್ರೋಟೀನಿನ ಕಥೆ ಇನ್ನೂ ವಿಚಿತ್ರವಾದುದು. ಅದರ ಜೀನು ಹಲವು ಪಟ್ಟು ಹೆಚ್ಚಿದ ಗೆಡ್ಡೆಗಳು ಬೇಗ ಮರುಕಳಿಸುತ್ತವೆಂದು ಲಾಸ್ ಏಂಜಲೀಸಿನ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅದು ಅಪಶಕುನವೇ ಸರಿ. ಆದರೆ ಅದೇ ಪ್ರೋಟೀನನ್ನು ಗುರಿಯಿಟ್ಟು ತಯಾರಿಸಿದ ಟ್ರಾಸ್ಟುಜುಮಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಇಂಥ ಗುರುತುಗಳು ಹೇಳುವುದು ನೂರಾರು ಜನರ ಸರಾಸರಿಯನ್ನೇ ಹೊರತು ಒಬ್ಬಳ ಹಣೆಬರಹವನ್ನಲ್ಲ. ಎಷ್ಟು ದಿನ ಬದುಕುವಳೆಂದು ತಿಳಿಯುವುದಕ್ಕಿಂತ, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ತಿಳಿಯುವುದೇ ರೋಗಿಗೆ ಆಗುವ ನಿಜವಾದ ಉಪಕಾರ.