ಬೂದು ಮೈ, ಕೆಂಪು ಹೊಟ್ಟೆ

ಎಂಜಿನ್ನಿನ ಎಡಮಗ್ಗುಲಲ್ಲಿ, ಸಿಲಿಂಡರ್ ಹೆಡ್ಡಿನ ಕೆಳಗೆ, ಸಮತಟ್ಟಾದ ಸಣ್ಣ ಜಾಗವೊಂದಿದೆ. ದಶಕಗಳ ಗ್ರೀಸು, ಬಣ್ಣ, ಹೊಲದ ಮಣ್ಣು ಅಲ್ಲಿ ಹೆಪ್ಪುಗಟ್ಟಿ ಕೂತಿರುತ್ತವೆ. ಸೀಮೆಎಣ್ಣೆ ಸವರಿ ತಂತಿ ಬ್ರಷ್ಷಿನಿಂದ ತಿಕ್ಕಿದರೆ ಒಂದು ನಕ್ಷತ್ರ, ಅದರ ಬೆನ್ನಿಗೆ ಅಂಕಿಗಳು ನಿಧಾನಕ್ಕೆ ಮೂಡುತ್ತವೆ. ಅಮೆರಿಕದ ಫೋರ್ಡ್ ಎನ್ ಸರಣಿಯ ಟ್ರ್ಯಾಕ್ಟರಿನ ಸೀರಿಯಲ್ ನಂಬರ್ ಅದು. ಆದರೆ ನಂಬರ್ ಇರುವುದು ಎಂಜಿನ್ನಿನ ಮೇಲೆ. ಎಂಜಿನ್ ಬದಲಾಗಿದ್ದರೆ ಟ್ರ್ಯಾಕ್ಟರಿನ ವಯಸ್ಸನ್ನು ಬೇರೆ ಕಡೆ ಹುಡುಕಬೇಕು.

1938ರಲ್ಲಿ ಹೆನ್ರಿ ಫೋರ್ಡ್ ಮತ್ತು ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಕಾಗದಪತ್ರವಿಲ್ಲದೆ, ಬರಿಯ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಎನ್ ಸರಣಿಯ ಮೊದಲ ಟ್ರ್ಯಾಕ್ಟರ್ 9ಎನ್ ಬಂತು. ನೇಗಿಲನ್ನು ಮೂರು ಕಡೆ ಹಿಡಿದು ಹೈಡ್ರಾಲಿಕ್‌ನಿಂದ ಎತ್ತಿಳಿಸುವ ಫರ್ಗುಸನ್ ಏರ್ಪಾಟು ಅದರ ಜೀವಾಳ. ಯುದ್ಧಕಾಲದಲ್ಲಿ ರಬ್ಬರು, ತಾಮ್ರಕ್ಕೆ ಬರ ಬಿದ್ದಾಗ 1942ರ 2ಎನ್ ಕಬ್ಬಿಣದ ಚಕ್ರ, ಮ್ಯಾಗ್ನೆಟೊ ಹೊತ್ತು ಹೊರಬಂತು. ಬ್ಯಾಟರಿಯೂ ಇಲ್ಲ, ಸೆಲ್ಫೂ ಇಲ್ಲ. ಮುಂದೆ ಸಾಮಾನು ಸಿಕ್ಕಂತೆ ಎಷ್ಟೋ ರೈತರು ಟೈರು, ಬ್ಯಾಟರಿ ಕೂರಿಸಿಕೊಂಡರು. ಹಾಗಾಗಿ ಇವತ್ತು 2ಎನ್ ನೋಡಿದರೆ 9ಎನ್ ಅನಿಸುತ್ತದೆ. ಸಾಲದ್ದಕ್ಕೆ ಕಂಪನಿ 2ಎನ್‌ಗಳ ಮೇಲೂ 9ಎನ್ ಎಂದೇ ಒತ್ತಿತ್ತು!

1947ರಲ್ಲಿ ಫರ್ಗುಸನ್‌ರನ್ನು ಬಿಟ್ಟು ಫೋರ್ಡ್ 8ಎನ್ ತಂದಿತು. ಅದಕ್ಕೆ ಫರ್ಗುಸನ್ ಕೋರ್ಟು ಮೆಟ್ಟಿಲೇರಿದರು; ಆ ಜಗಳ 1952ರಲ್ಲಿ 92.5 ಲಕ್ಷ ಡಾಲರ್ ಪರಿಹಾರದೊಂದಿಗೆ ಮುಗಿಯಿತು.

ಗುರುತು ಹಿಡಿಯುವವರು ಬಣ್ಣವನ್ನು ನಂಬುವುದಿಲ್ಲ. 9ಎನ್, 2ಎನ್ ಪೂರ್ತಿ ಬೂದು. 8ಎನ್‌ಗೆ ಬೂದು ತಗಡು, ಕೆಂಪು ಹೊಟ್ಟೆ. ಆದರೆ ಹಳೆಯದಕ್ಕೆ ಕೆಂಪು ಬಳಿಯಲು ಒಂದು ಮಧ್ಯಾಹ್ನ ಸಾಕು. ಪೆಡಲ್ ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ: 9ಎನ್‌ನಲ್ಲಿ ಬ್ರೇಕುಗಳು ಎಡಕ್ಕೊಂದು ಬಲಕ್ಕೊಂದು, 8ಎನ್‌ನಲ್ಲಿ ಎರಡೂ ಬಲಗಾಲಿಗೆ. 9ಎನ್‌ಗೆ ಮೂರು ಗೇರು, 8ಎನ್‌ಗೆ ನಾಲ್ಕು. ಎಡಕ್ಕೂ ಬ್ರೇಕಿದ್ದು ನಾಲ್ಕನೇ ಗೇರೂ ಬಿದ್ದರೆ, ಯಾವುದೋ 8ಎನ್‌ನ ಗೇರ್‌ಬಾಕ್ಸ್ ಅಲ್ಲಿಗೆ ಬಂದಿದೆ ಎಂದರ್ಥ.

ಹೊಸಬರು ಎಡವುವ ಜಾಗ ಇನ್ನೊಂದಿದೆ. 8ಎನ್‌ನ ಯಾವುದೋ ಭಾಗದ ಮೇಲೆ 9ಎನ್ ಎಂದು ಎರಕವಾಗಿದ್ದರೆ ಅದು ಬೇರೆಲ್ಲಿಂದಲೋ ಬಂದದ್ದೆಂದು ತೀರ್ಮಾನಿಸಿಬಿಡುತ್ತಾರೆ. ಆ ಅಕ್ಷರ ಹೇಳುವುದು ಭಾಗವನ್ನು ಮೊದಲು ಯಾವ ಮಾಡೆಲ್ಲಿಗೆ ರೂಪಿಸಿದರು ಎಂಬುದನ್ನು. ಬದಲಿಸಬೇಕಿಲ್ಲದ ಭಾಗಗಳನ್ನು ಕಾರ್ಖಾನೆ ಹಾಗೇ ಮುಂದುವರಿಸಿತ್ತು. ಒಂದರದು ಇನ್ನೊಂದಕ್ಕೆ ಕೂರುವುದಕ್ಕೂ ಅದೇ ಕಾರಣ.

ಹೀಗೆ ಭಾಗಗಳು ಬೆರೆತ ಟ್ರ್ಯಾಕ್ಟರನ್ನು ಕಲಬೆರಕೆ ಎಂದು ಮೂಗು ಮುರಿಯುವವರಿದ್ದಾರೆ. ಅದು ಅನ್ಯಾಯ. ಬಿತ್ತನೆ ಹೊತ್ತಿನಲ್ಲಿ ಗೇರ್‌ಬಾಕ್ಸ್ ಮುರಿದವನಿಗೆ ಬೇಕಾಗಿದ್ದದ್ದು ಹೊಲ ಹದ ತಪ್ಪುವ ಮುಂಚೆ ಉಳುಮೆ ಮುಗಿಸುವುದು. ಕೈಗೆ ಸಿಕ್ಕಿದ್ದನ್ನು ಅವನು ಜೋಡಿಸಿದ.



ಎಂಜಿನ್ ಬದಲಾಗಿದೆಯೇ ಎಂದು ತಿಳಿಯಲೂ ಒಂದು ಗುರುತಿದೆ. 8ಎನ್‌ನಲ್ಲಿ 1950ರ ತನಕ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂದೆ, ಫ್ಯಾನಿನ ಹಿಂದೆ ಅಡಗಿತ್ತು. ಪಾಯಿಂಟ್ ನೋಡಲೂ ಹೆಣಗಾಡಬೇಕಿತ್ತು. ಆ ವರ್ಷ 263843ನೇ ಟ್ರ್ಯಾಕ್ಟರಿನ ಸುಮಾರಿಗೆ ಅದನ್ನು ಪಕ್ಕಕ್ಕೆ ತಂದರು. 1940ರ ಮೈಯಲ್ಲಿ ಪಕ್ಕದ ಡಿಸ್ಟ್ರಿಬ್ಯೂಟರ್ ಕಂಡರೆ, ಹತ್ತು ವರ್ಷವಾದರೂ ಚಿಕ್ಕ ಎಂಜಿನ್ ಅದರೊಳಗೆ ಕೂತಿದೆ.