ಬಾಂಡಲಿಯಿಂದ ಬಕೆಟ್ಟಿಗೆ

ಮನೆ ಕಟ್ಟಿಸಿದ ಗೃಹಿಣಿಯರಿಗೆಲ್ಲ ಜಲ್ಲಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ತಳಪಾಯಕ್ಕೆ ದಪ್ಪ ಜಲ್ಲಿ, ತಾರಸಿಗೆ ಮುಕ್ಕಾಲು ಇಂಚಿನದು, ಎಷ್ಟು ಲೋಡು ಬಂತು, ಲೋಡಿನಲ್ಲಿ ಪುಡಿ ಎಷ್ಟು ಬೆರೆಸಿದ್ದಾರೆ, ಇವೆಲ್ಲ ಯಜಮಾನರಿಗಿಂತ ನಮಗೇ ಹೆಚ್ಚು ನೆನಪಿರುತ್ತದೆ. ಆದರೆ ಗೋಡೆ ಎದ್ದು, ಸುಣ್ಣಬಣ್ಣ ಕಂಡು, ಗೃಹಪ್ರವೇಶದ ಹೋಳಿಗೆ ಉಂಡಾದ ಮೇಲೆ ಜಲ್ಲಿಯನ್ನು ಯಾರು ನೆನೆಯುತ್ತಾರೆ? ತಾಜಮಹಲಿನ ಅಮೃತಶಿಲೆಗೆ, ಹಳೇಬೀಡಿನ ಬಳಪದ ಕಲ್ಲಿಗೆ ಚರಿತ್ರೆಯ ಪುಸ್ತಕದಲ್ಲಿ ಪುಟಗಳಿವೆ. ಜಲ್ಲಿಗೆ ಒಂದು ಸಾಲೂ ಇಲ್ಲ. ಹಾಗೆಂದು ಜಲ್ಲಿಗೆ ಚರಿತ್ರೆಯೇ ಇಲ್ಲವೆನ್ನಲಾಗದು. ಇದೆ, ಮತ್ತು ಅದರಲ್ಲಿ ದೊಡ್ಡ ಪಾಲು ಹೆಂಗಸರದು.

ನಮ್ಮ ನಾಡಿನಲ್ಲಿ ಕಲ್ಲು ಒಡೆಯುವುದೂ ಮಣ್ಣು ಹೊರುವುದೂ ಬಹು ಹಳೆಯ ಕಸುಬು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮರನ್ನು ಭೋವಿ ಜನಾಂಗದವರು ಇಂದಿಗೂ ತಮ್ಮ ಗುರುವೆಂದು ಪೂಜಿಸುತ್ತಾರೆ. ಕೆರೆಯ ಏರಿ, ಕೋಟೆಯ ಗೋಡೆ, ದೇವಸ್ಥಾನದ ಚಪ್ಪಡಿ ಎಲ್ಲದರ ಹಿಂದೆಯೂ ಇಂಥ ಕೈಗಳಿವೆ. ಬಂಡೆಯ ಮೇಲೆ ಬೆಂಕಿ ಹಾಕಿ, ಕಾಯಿಸಿ, ಪದರ ಪದರವಾಗಿ ಚಪ್ಪಡಿ ಎಬ್ಬಿಸುವ ವಿದ್ಯೆಯನ್ನು ಅವರಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ. ಆ ಬಂಡೆಯಾದರೂ ಎಂಥದು! ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದೆ. 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದರು. ಅದೇ ಜಾತಿಯ ಬಂಡೆಯನ್ನೇ ನಾವು ಪುಡಿ ಮಾಡಿಸಿ ತಾರಸಿಗೆ ಹಾಕಿಸಿಕೊಳ್ಳುವುದು.

ಆದರೆ ಒಂದೇ ಅಳತೆಯ ಸಣ್ಣ ಜಲ್ಲಿಗೆ ಜಗತ್ತಿನಲ್ಲಿ ಬೇಡಿಕೆ ಹುಟ್ಟಿದ್ದು ರಸ್ತೆಗಳಿಂದ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್ ಎಂಬಾತ 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ರಸ್ತೆಗಳ ಮೇಲ್ವಿಚಾರಕನಾದ. ದೊಡ್ಡ ದೊಡ್ಡ ಕಲ್ಲು ಹಾಸಿದರೆ ರಸ್ತೆ ಗಟ್ಟಿಯಾಗುತ್ತದೆಂಬುದು ಅಂದಿನವರ ನಂಬಿಕೆ. ಈತ ಅದನ್ನು ತಿರುಗಿಸಿ ಹಾಕಿದ. ಕಲ್ಲು ಸಣ್ಣದಿರಬೇಕು, ಮೂಲೆ ಮೊನೆಗಳಿರಬೇಕು, ಒಂದೊಂದೂ ಆರು ಔನ್ಸಿಗಿಂತ, ಅಂದರೆ ಸುಮಾರು 170 ಗ್ರಾಮಿಗಿಂತ, ಹೆಚ್ಚು ತೂಗಬಾರದು. ಗಾಡಿಗಳು ಓಡಾಡಿದ ಹಾಗೆ ಆ ಮೊನೆಗಳು ಒಂದಕ್ಕೊಂದು ಕಚ್ಚಿಕೊಂಡು ಚಾಪೆಯಂತೆ ಬಿಗಿಯುತ್ತವೆ ಎಂದ. ಮಾತು ನಿಜವಾಯಿತು. ಈತನ ಹೆಸರೇ ರಸ್ತೆಯ ಹೆಸರಾಗಿ ಲೋಕದಲ್ಲೆಲ್ಲ ಹಬ್ಬಿತು.

ಆ ಕಲ್ಲನ್ನು ಒಡೆಯುವವರು ಯಾರು? ನಿಂತು ಒಡೆಯುವ ಬದಲು ಕುಳಿತು ಸಣ್ಣ ಸುತ್ತಿಗೆಯಲ್ಲಿ ಒಡೆದರೆ ಹೆಂಗಸರು, ಮಕ್ಕಳು, ಮುದುಕರೂ ಈ ಕೆಲಸ ಮಾಡಬಹುದು ಎಂಬುದು ಮೆಕಾಡಮನ ಲೆಕ್ಕ. ಕೂಲಿ ಕಡಿಮೆ, ಕಲ್ಲು ಹೆಚ್ಚು. ರಸ್ತೆಯ ಬದಿಯಲ್ಲಿ ಬಿಸಿಲಿಗೊಂದು ಗೋಣಿತಾಟು ಕಟ್ಟಿಕೊಂಡು, ಕಾಲು ಚಾಚಿ, ಪಕ್ಕದಲ್ಲಿ ಮಗುವನ್ನು ಮಲಗಿಸಿ, ಕಟ್ ಕಟ್ ಎಂದು ಕಲ್ಲು ಕುಟ್ಟುತ್ತಿದ್ದ ಹೆಂಗಸರನ್ನು ನನ್ನ ವಯಸ್ಸಿನವರೆಲ್ಲ ಬಾಲ್ಯದಲ್ಲಿ ಕಂಡವರೇ. ಅದನ್ನು ನಾವು ನಮ್ಮ ದೇಶದ ಬಡತನವೆಂದುಕೊಂಡಿದ್ದೆವು. ಇಂಗ್ಲೆಂಡಿನ ರಸ್ತೆಯ ಬದಿಯಲ್ಲೂ ಅದೇ ಸುತ್ತಿಗೆ, ಅದೇ ಕೂರುವ ಭಂಗಿ ಇತ್ತು. ಫ್ರಾನ್ಸಿನ ಕಲಾವಿದ ಕೂರ್ಬೆ 1849ರಲ್ಲಿ ಕಲ್ಲು ಒಡೆಯುವವರ ದೊಡ್ಡ ಚಿತ್ರವೊಂದನ್ನು ಬರೆದ. ಅದರಲ್ಲಿ ಒಬ್ಬ ಮುದುಕ ಸುತ್ತಿಗೆ ಎತ್ತಿದ್ದಾನೆ, ಒಬ್ಬ ಹುಡುಗ ಕಲ್ಲಿನ ಬುಟ್ಟಿ ಹೊತ್ತಿದ್ದಾನೆ. ರಾಜರಾಣಿಯರ ಚಿತ್ರ ನೋಡಿ ಅಭ್ಯಾಸವಾಗಿದ್ದವರಿಗೆ ಈ ಚಿತ್ರ ಹಿಡಿಸಲಿಲ್ಲ.

ಸುತ್ತಿಗೆಯ ಕೆಲಸವನ್ನು ಮೊದಲು ಕಸಿದುಕೊಂಡದ್ದು ಕ್ರಷರು. ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಎಲಿ ವಿಟ್ನಿ ಬ್ಲೇಕ್ ಎಂಬುವನಿಗೆ 1852ರಲ್ಲಿ ಎರಡು ಮೈಲಿ ರಸ್ತೆಗೆ ಜಲ್ಲಿ ಹಾಸಿಸುವ ಮೇಲ್ವಿಚಾರಣೆ ಬಂತು. ಕೈಯಲ್ಲಿ ಒಡೆದು ಪೂರೈಸುವುದೆಂತು ಎಂದು ವರ್ಷಗಟ್ಟಲೆ ತಲೆಕೆಡಿಸಿಕೊಂಡು, 1858ರಲ್ಲಿ ಕಲ್ಲು ಒಡೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ರಚನೆ ಸರಳ. ನಮ್ಮ ಬಾಯಿಯ ಹಾಗೆ ಎರಡು ದವಡೆ; ಒಂದು ಅಲುಗದು, ಇನ್ನೊಂದು ಅಗಿಯುತ್ತದೆ. ಮೇಲಿನಿಂದ ಬಂಡೆ ಬಿದ್ದರೆ ಕೆಳಗಿನಿಂದ ಜಲ್ಲಿ ಉದುರುತ್ತದೆ. ಇಂದು ನಮ್ಮ ಜಿಲ್ಲೆಯ ಯಾವ ಕ್ರಷರಿಗೆ ಹೋದರೂ ಮೊದಲ ಯಂತ್ರವಾಗಿ ಕಾಣುವುದು ಬಹುಮಟ್ಟಿಗೆ ಈ ದವಡೆಯೇ.

ಕಲ್ಲು ಒಡೆಯಲು ಯಂತ್ರ ಬಂದರೂ ಅದನ್ನು ತುಂಬಲು ಬಹುಕಾಲ ಯಂತ್ರವಿರಲಿಲ್ಲ. ಸನಿಕೆಯಲ್ಲಿ ಎಳೆದು ಬಾಂಡಲಿಗೆ ತುಂಬುವವನು ಗಂಡಸು. ತಲೆಯ ಮೇಲೆ ಸಿಂಬೆ ಇಟ್ಟು ಬಾಂಡಲಿ ಹೊತ್ತು, ಲಾರಿಗೆ ಒರಗಿಸಿದ ಹಲಗೆ ಹತ್ತಿ ಸುರಿದು ಬರುವವಳು ಹೆಂಗಸು. ಈ ಹೊರೆಯನ್ನು ಇಳಿಸಿದ್ದು ಲೋಡರು. ಅದಕ್ಕೂ ಒಂದು ವಂಶಾವಳಿಯಿದೆ. ಅಮೆರಿಕದ ಫ್ರಾಂಕ್ ಹಫ್ ಎಂಬಾತನ ಕಂಪನಿ 1939ರಲ್ಲಿ ಗಾಲಿಗಳ ಮೇಲೆ ಓಡುವ, ಮುಂದೆ ಬಕೆಟ್ ಇರುವ ಲೋಡರನ್ನು ತಯಾರಿಸಿತು. 1947ರಲ್ಲಿ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಮಾದರಿ ಬಂತು. ಸ್ವೀಡನ್ನಿನ ವೋಲ್ವೊ 1954ರಲ್ಲಿ ತನ್ನ ಲೋಡರನ್ನು ತಂದಿತು. ಇಂಗ್ಲೆಂಡಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬಾತ 1945ರಲ್ಲಿ ಒಂದು ಟ್ರೇಲರು ಕಟ್ಟಿ ಮಾರಿ ವ್ಯಾಪಾರ ಆರಂಭಿಸಿದ. ಅವನ ಹೆಸರಿನ ಮೂರು ಮೊದಲಕ್ಷರಗಳೇ ಜೆಸಿಬಿ. ಆ ಕಂಪನಿ 1979ರಲ್ಲಿ ಹರಿಯಾಣದ ಬಲ್ಲಭಗಡದಲ್ಲಿ ಭಾರತದ ಪಾಲುದಾರರ ಜೊತೆ ಕಾರ್ಖಾನೆ ತೆರೆಯಿತು. ಅದಕ್ಕೂ ಮೊದಲೇ, 1964ರಲ್ಲಿ, ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಸರ್ಕಾರಿ ಒಡೆತನದ ಭಾರತ್ ಅರ್ಥ್ ಮೂವರ್ಸ್ ಸ್ಥಾಪನೆಯಾಗಿತ್ತು. ಚಿನ್ನದ ಗಣಿಯಿಂದ ಹೆಸರಾದ ನಮ್ಮ ಕೆ.ಜಿ.ಎಫ್.ನಲ್ಲಿ ಅದರ ದೊಡ್ಡ ಕಾರ್ಖಾನೆಯಿದೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಮಣ್ಣು ಎತ್ತುವ ಯಂತ್ರಗಳ ಕಾರ್ಖಾನೆ ಉಳಿಯಿತು.

ನಮ್ಮ ಕಡೆ ಹಳದಿ ಬಣ್ಣದ್ದೆಲ್ಲ ಜೆಸಿಬಿಯೇ. ಊರ ಹೊರಗಿನ ಕ್ರಷರಿನಲ್ಲಿ ಲೋಡರ್ ನಡೆಸುವ ಹುಡುಗನೊಬ್ಬ ನಮ್ಮ ಶಾಲೆಯಲ್ಲಿ ಓದಿದವನು. ಅವನೇ ನನ್ನ ತಿಳಿವಳಿಕೆಯನ್ನು ತಿದ್ದಿದ. “ಟೀಚರ್, ಮುಂದೆ ಬಕೆಟ್ಟು, ಹಿಂದೆ ಕೊಕ್ಕೆ ಕೈ ಇದ್ರೆ ಜೆಸಿಬಿ. ಚೈನಿನ ಮೇಲೆ ಓಡ್ತಾ ಗಿರಗಿರ ತಿರುಗಿದ್ರೆ ಹಿಟಾಚಿ ಅಂತೀವಿ. ಮುಂದೆ ಬಕೆಟ್ಟೊಂದೇ ಇದ್ರೆ ಲೋಡರ್” ಎಂದ. ಒಂದು ಭಾನುವಾರ ಅವನು ಕೆಲಸ ಮಾಡುವುದನ್ನು ದೂರದಲ್ಲಿ ನಿಂತು ನೋಡಿದೆ. ಮೇಲುನೋಟಕ್ಕೆ ಬರಿಯ ಆರ್ಭಟವೆಂದು ತೋರುವ ಆ ಕೆಲಸದಲ್ಲಿ ಎಷ್ಟು ನಾಜೂಕಿದೆ!

ಬಕೆಟ್ಟನ್ನು ನೆಲಕ್ಕೆ ಸಮನಾಗಿ ಇಳಿಸಿ, ಕೆಳಗಿನ ಗೇರಿನಲ್ಲಿ ರಾಶಿಗೆ ನೇರವಾಗಿ ನುಗ್ಗಬೇಕು. ಓರೆಯಾಗಿ ನುಗ್ಗಿದರೆ ಭಾರವೆಲ್ಲ ಒಂದೇ ಪಕ್ಕಕ್ಕೆ ಬೀಳುತ್ತದೆ. ಬಾಯಿ ರಾಶಿಯೊಳಗೆ ಹೊಕ್ಕ ಕೂಡಲೇ ತುಸುವೇ ಎತ್ತಬೇಕು. ಆಗ ಕಲ್ಲಿನ ತೂಕ ಮುಂದಿನ ಗಾಲಿಗಳ ಮೇಲೆ ಕೂತು ಅವು ನೆಲವನ್ನು ಹಿಡಿಯುತ್ತವೆ. ಇಲ್ಲದಿದ್ದರೆ ಗಾಲಿ ಸುಮ್ಮನೆ ಸುತ್ತಿ, ಚೂಪು ಜಲ್ಲಿಗೆ ಟೈರು ಸೀಳುತ್ತದೆ. ಆಮೇಲೆ ಬಕೆಟ್ಟನ್ನು ಬೊಗಸೆಯಂತೆ ಒಳಕ್ಕೆ ಮಡಿಸಬೇಕು. ತುಂಬಿದ ಬಕೆಟ್ಟನ್ನು ಮೇಲೆತ್ತಿಕೊಂಡು ಓಡಾಡುವ ಹಾಗಿಲ್ಲ, ಮೊಣಕಾಲೆತ್ತರದಲ್ಲಿ ತಗ್ಗಿಸಿಯೇ ಒಯ್ಯಬೇಕು. ಹಿಂದಕ್ಕೆ ಸರಿದು, ತಿರುಗಿ, ಟಿಪ್ಪರಿನ ಹತ್ತಿರ ಬಂದ ಮೇಲಷ್ಟೇ ಎತ್ತಿ, ಮೊದಲ ಬಕೆಟ್ಟನ್ನು ಮೆಲ್ಲಗೆ ಸುರಿಯಬೇಕು. ಕೆಲಸ ಮುಗಿದಾಗ ಬಕೆಟ್ಟು ನೆಲ ಮುಟ್ಟಿಯೇ ಇರಬೇಕು. ಮಕ್ಕಳ ಆಟದ ಏತಪಾತದ ಹಲಗೆಯ ನಿಯಮವೇ ಇಲ್ಲಿಯೂ: ಮುಂದಿನ ಗಾಲಿಯೇ ನಡುವಿನ ಆಧಾರ, ಒಂದು ಕಡೆ ಬಕೆಟ್ಟು, ಇನ್ನೊಂದು ಕಡೆ ಹಿಂಬದಿಯ ಎಂಜಿನ್ನಿನ ಭಾರ. ತೂಕ ತಪ್ಪಿದರೆ ಯಂತ್ರವೇ ಮುಗ್ಗರಿಸುತ್ತದೆ.

ಗರಸು ತೆಗೆಯುವ ಗುಂಡಿಯಲ್ಲಾದರೆ ಇನ್ನೊಂದು ಅಪಾಯವೂ ಉಂಟು. ಸಡಿಲ ಗರಸಿನ ರಾಶಿಗೆ ತನ್ನದೇ ಒಂದು ಇಳಿಜಾರಿರುತ್ತದೆ. ಬುಡವನ್ನಷ್ಟೇ ಕೊರೆದು ತೆಗೆಯುತ್ತ ಹೋದರೆ ಮೇಲಿನ ಭಾಗ ಸೂರಿನ ಹಾಗೆ ಚಾಚಿಕೊಂಡು ನಿಂತು, ಒಮ್ಮೆಗೇ ಕುಸಿಯುತ್ತದೆ. ಆದ್ದರಿಂದ ತಿಳಿದ ಚಾಲಕ ಒಂದೇ ಕಡೆ ಗವಿ ತೋಡುವುದಿಲ್ಲ, ಅಗಲಕ್ಕೂ ತೆಗೆಯುತ್ತಾನೆ. ಹಿಂದಕ್ಕೆ ಬರುವಾಗ ಆ ಯಂತ್ರದ ಬೆನ್ನ ಹಿಂದಿನದು ಚಾಲಕನಿಗೆ ಸರಿಯಾಗಿ ಕಾಣುವುದಿಲ್ಲ. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ಹಾಯಬಾರದು.

ಇಷ್ಟೆಲ್ಲ ಭಾರವನ್ನು ಎತ್ತುವುದು ಚಾಲಕನ ತೋಳಲ್ಲ, ಎಣ್ಣೆಯ ಒತ್ತಡ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲನ ನಿಯಮವನ್ನು ನಮ್ಮ ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡುತ್ತಾರೆ. 1795ರಲ್ಲಿ ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷಿನವನು ಆ ನಿಯಮದಿಂದಲೇ ಭಾರಿ ಒತ್ತುಯಂತ್ರವನ್ನು ಮಾಡಿದ. ಲೋಡರಿನ ಕೈಗಳಲ್ಲಿ ಇರುವುದೂ ಅದೇ ತತ್ವ. ಚಾಲಕ ಬೆರಳಿನಿಂದ ಒಂದು ಲಿವರನ್ನು ತಳ್ಳುತ್ತಾನೆ, ಮೂರು ಟನ್ ಮೇಲೇಳುತ್ತದೆ.

ತರಗತಿಯಲ್ಲಿ ಒಮ್ಮೆ ಮಕ್ಕಳಿಂದ ಈ ಲೆಕ್ಕ ಮಾಡಿಸಿದೆ. ಎರಡು ಘನ ಮೀಟರಿನ ಬಕೆಟ್ಟು. ಘನ ಮೀಟರ್ ಜಲ್ಲಿ ಸುಮಾರು ಒಂದೂವರೆ ಟನ್. ಅಲ್ಲಿಗೆ ಬಕೆಟ್ಟಿನಲ್ಲಿ 3000 ಕಿಲೊ. ಬಾಂಡಲಿಗೆ 20 ಕಿಲೊ ಹಿಡಿದರೆ ಒಂದು ಬಕೆಟ್ಟಿಗೆ 150 ಬಾಂಡಲಿ. ಹತ್ತು ಘನ ಮೀಟರಿನ ಟಿಪ್ಪರಿಗೆ ಐದು ಬಕೆಟ್ಟು, ಅಂದರೆ 750 ಬಾಂಡಲಿ. ಆರು ಜನ ಹೆಂಗಸರಿದ್ದರೆ ತಲೆಗೆ 125 ಸಲ ಹಲಗೆ ಹತ್ತಿ ಇಳಿಯಬೇಕು. ಲೋಡರಿಗೆ ಐದಾರು ನಿಮಿಷ. ಲೆಕ್ಕ ಮುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಆ ಆರು ಜನ ಎಲ್ಲಿಗೆ ಹೋದ್ರು ಟೀಚರ್?” ಎಂದಳು. ಪುಸ್ತಕದ ಹಿಂದೆ ಉತ್ತರವಿರುವ ಲೆಕ್ಕವಲ್ಲ ಅದು.

ಆ ಆರು ಜನರಲ್ಲಿ ಒಬ್ಬಳು ನನಗೆ ಗೊತ್ತು: ಲೋಡರ್ ಹುಡುಗನ ತಾಯಿ. ಮಗ ಇಂದು ಕೂರುವ ಕ್ರಷರಿನಲ್ಲೇ ಹತ್ತಾರು ವರ್ಷ ಬಾಂಡಲಿ ಹೊತ್ತವಳು. ಸಿಂಬೆ ಕೂರುತ್ತಿದ್ದ ನಡುನೆತ್ತಿಯಲ್ಲಿ ಕೂದಲೇ ಇಲ್ಲ. “ಕತ್ತು ನೋವು ಹೋಯ್ತು ಟೀಚರಮ್ಮ, ಕೂಲೀನೂ ಹೋಯ್ತು” ಎಂದಳು. ಈಗ ಅವಳು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಯಂತ್ರವನ್ನು ಅವಳು ಬಯ್ಯಲಿಲ್ಲ. ಬಾಂಡಲಿ ಮತ್ತೆ ಬರಲಿ ಎಂದು ನಾನೂ ಹೇಳಲಾರೆ. ಹೊರದವರು ಮಾತ್ರ ಆ ಹೊರೆಯನ್ನು ಹೊಗಳಬಲ್ಲರು. ಹೊರೆಯ ಜೊತೆಗೆ ದೂಳೂ ಇತ್ತು. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿ ತರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲೇ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಅದು ಸೇರಿತ್ತು. ಮುಚ್ಚಿದ ಕ್ಯಾಬಿನ್ನಿನಲ್ಲಿ ಕೂತ ಚಾಲಕ ಆ ದೂಳಿನಿಂದ ಒಂದಿಷ್ಟಾದರೂ ಪಾರಾಗುತ್ತಾನೆ; ಹೊರಗೆ ನಿಂತು ಗುಡಿಸುವವಳು, ಕಲ್ಲು ಆರಿಸುವವಳು ಇವತ್ತಿಗೂ ಸೆರಗನ್ನೇ ಮೂಗಿಗೆ ಕಟ್ಟಿಕೊಳ್ಳುತ್ತಾಳೆ.

ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ. ಮೈಯ ಕಸುವು ಬೇಕಾಗಿದ್ದ ಕಾಲದಲ್ಲಿ ಹೊರೆ ಹೆಂಗಸಿನ ತಲೆಯ ಮೇಲಿತ್ತು. ಕಸುವು ಬೇಡ, ಕಣ್ಣಿನ ಅಂದಾಜೂ ಬೆರಳಿನ ಹದವೂ ಸಾಕು ಎನ್ನುವ ಕಾಲ ಬಂದಾಗ ಆ ಸೀಟು ಗಂಡಸಿಗೆ ಹೋಯಿತು, ಸಂಬಳವೂ ಸೀಟಿನ ಜೊತೆಗೆ ಹೋಯಿತು. “ನಿನ್ನ ತಂಗಿಗೂ ಕಲಿಸಬಾರದೇನಪ್ಪಾ?” ಎಂದು ಹುಡುಗನನ್ನು ಕೇಳಿದೆ. ಅವನು ನಕ್ಕು, “ಕಲಿಸಬಹುದು ಟೀಚರ್. ಕೂರೋಕೆ ಯಾರು ಬಿಡ್ತಾರೆ?” ಎಂದ.

ಕಾನೂನೂ ಹೆಂಗಸನ್ನು ಕಾಯುವ ಹೆಸರಿನಲ್ಲಿ ದೂರವೇ ಇಟ್ಟಿತ್ತು. 1952ರ ಗಣಿ ಕಾಯಿದೆಯ ಪ್ರಕಾರ ಹೆಂಗಸರು ನೆಲದಡಿಯ ಗಣಿಗೆ ಇಳಿಯುವಂತಿರಲಿಲ್ಲ, ನೆಲದ ಮೇಲಿನ ಗಣಿಯಲ್ಲೂ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮಾತ್ರ ದುಡಿಯಬಹುದಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಕೆಲವು ಷರತ್ತುಗಳ ಮೇಲೆ ಆ ಕಟ್ಟನ್ನು ಸಡಿಲಿಸಿತು. ಅದೇ ಕಾಲಕ್ಕೆ ಜಾರ್ಖಂಡದ ನೋವಾಮುಂಡಿಯ ಕಬ್ಬಿಣದ ಅದಿರಿನ ಗಣಿಯಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಡಂಪರ್, ಲೋಡರಿನಂಥ ಭಾರಿ ಯಂತ್ರಗಳನ್ನು ಅವರ ಕೈಗೆ ಒಪ್ಪಿಸತೊಡಗಿದರು. ಯಂತ್ರಕ್ಕೇನೂ ತಕರಾರು ಬರಲಿಲ್ಲ. ಲಿವರು ಯಾರ ಬೆರಳಿಗಾದರೂ ಓಗೊಡುತ್ತದೆ.

ಹಾಲು ಉಕ್ಕುವ ಹೊತ್ತನ್ನು ಕಣ್ಣಂದಾಜಿನಲ್ಲೇ ತಿಳಿಯುವವರು, ಎಣ್ಣೆಯ ಹದ ನೋಡಿ ಚಕ್ಕುಲಿ ಬಿಡುವವರು ಈ ವಿದ್ಯೆಯನ್ನು ಕಲಿಯಲಾರರೆಂದು ನಾನು ಒಪ್ಪುವುದಿಲ್ಲ. ಕಲಿಯಲು ತರಬೇತಿ ಬೇಕು, ಲೈಸೆನ್ಸು ಬೇಕು, ಕ್ರಷರಿನಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯ ಬೇಕು, ಮನೆಯವರು ಮೂಗು ಮುರಿಯದಿರಬೇಕು. ಇವುಗಳಲ್ಲಿ ಕೊನೆಯದು ಮಾತ್ರ ನಮ್ಮಂಥವರ ಕೈಯಲ್ಲಿದೆ. ನಮ್ಮ ಹೈಸ್ಕೂಲು ಮುಗಿಸಿ ಮುಂದೇನೆಂದು ಕೇಳುವ ಹುಡುಗಿಯರಿಗೆ ನಾನೀಗ ಹೊಲಿಗೆ, ನರ್ಸಿಂಗು, ಕಂಪ್ಯೂಟರುಗಳ ಜೊತೆಗೆ ಇದನ್ನೂ ಹೇಳುತ್ತೇನೆ. ಕೆಲವರು ನಗುತ್ತಾರೆ. ಲೆಕ್ಕದ ದಿನ ಪ್ರಶ್ನೆ ಕೇಳಿದ ಹಿಂದಿನ ಬೆಂಚಿನ ಹುಡುಗಿ ಮಾತ್ರ ನಗಲಿಲ್ಲ. ಲೈಸೆನ್ಸಿಗೆ ಎಷ್ಟು ವರ್ಷ ಆಗಿರಬೇಕು ಎಂದು ಕೇಳಿದಳು.